ಕಾದ ಇಂಜಿನ್ನೂ ತಣ್ಣನೆಯ ಹೀಟರೂ



ಮೈಸೂರಿನಿಂದ ಪಶ್ಚಿಮಾಭಿಮುಖವಾಗಿ ಹೊರಟ ಹೆದ್ದಾರಿಯು ಇಲವಾಲವನ್ನು ದಾಟಿ ಬಿಳಿಕೆರೆಗೆ ಬಂದೊಡನೆ ಕವಲೊಡೆಯುತ್ತದೆ. ಒಂದು ದಾರಿ ಹುಣಸೂರು, ಪಿರಿಯಾಪಟ್ಟಣ, ಬೈಲಕುಪ್ಪೆಗಳ ಮೂಲಕ ಮಡಿಕೇರಿಯ ಕಡೆಗೂ, ಇನ್ನೊಂದು ಕೃಷ್ಣರಾಜನಗರ, ಹೊಳೆನರಸೀಪುರಗಳ ಮೂಲಕ ಹಾಸನದ ಕಡೆಗೂ ಸಾಗುತ್ತವೆ. ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿರುವ ಮೈಸೂರಿನಿಂದ ಹೊರಟವನು ಕುಶಾಲನಗರದವರೆಗೆ ಏರಿದ್ದೇ ಅರಿವಾಗದಂತೆ ಹೋಗಿ, ಅಲ್ಲಿಂದ ಮುಂದಿನ ಅಲ್ಪ ದೂರದಲ್ಲಿಯೇ 1100 ಮೀಟರಿಗೂ ಮೇಲಿನ ಮಡಿಕೇರಿಯನ್ನು ಮುಟ್ಟಬೇಕಾಗುತ್ತದೆ. ಬಯಲಿನಲ್ಲಿ ಬಚ್ಚಿಟ್ಟುಕೊಂಡಿದ್ದ ಇಂಜಿನ್ನಿನ ದೋಷಗಳೆಲ್ಲ ಬಯಲಾಗುವುದು ಈ ಏರಿನಲ್ಲಿಯೇ. ಆದಕಾರಣ ಈ ದಾರಿಯಲ್ಲಿ ಸಂಚರಿಸುವ ಕಾರುಗಳ ಒಡೆಯರಿಗೂ ಚಾಲಕರಿಗೂ, ಅವುಗಳನ್ನು ದುರಸ್ತಿ ಮಾಡುವ ನಮ್ಮ ಊರುಗಳ ಮೆಕ್ಯಾನಿಕ್ಕುಗಳಿಗೂ ಉಪಯೋಗಕ್ಕೆ ಬರಬಹುದಾದ ಒಂದು ವಿಚಾರವನ್ನು ಇಂದು ಅರಿಕೆ ಮಾಡಿಕೊಳ್ಳುತ್ತೇನೆ.

ಕಾರಿನ ವಿಷಯವಾಗಿ ನಾವು ಮೇಲಿಂದ ಮೇಲೆ ಕೇಳುವ ದೂರು, ‘ಗಾಡಿ ಹೀಟಾಗುತ್ತಿದೆ’ ಎಂಬುದು. ಅಪರೂಪವಾಗಿ ಕೇಳುವ ದೂರು, ‘ಒಳಗಿನ ಹೀಟರ್ ಬಿಸಿಗಾಳಿ ಕೊಡುತ್ತಿಲ್ಲ’ ಎಂಬುದು. ಮೊದಲನೆಯದಕ್ಕೆ ಎಲ್ಲರೂ ಗಾಬರಿಪಡುತ್ತಾರೆ. ಎರಡನೆಯದನ್ನು ಯಾರೂ ಲಕ್ಷಿಸುವುದಿಲ್ಲ. ನಮ್ಮದು ಬೆಚ್ಚನೆಯ ನಾಡು, ನಮಗೇಕೆ ಹೀಟರು ಎಂದು ಅದನ್ನು ಮರೆತುಬಿಡುತ್ತಾರೆ. ಆದರೆ ಈ ಎರಡೂ ದೂರುಗಳು ಒಂದೇ ಕಾರಿನಲ್ಲಿ ಒಂದೇ ಕಾಲಕ್ಕೆ ತಲೆದೋರಿದುವೆಂದರೆ, ಅವು ಎರಡು ಕಾಯಿಲೆಗಳಲ್ಲ, ಒಂದೇ ಕಾಯಿಲೆಯ ಎರಡು ಲಕ್ಷಣಗಳು. ಅಷ್ಟೇ ಅಲ್ಲ, ಎರಡನೆಯ ಲಕ್ಷಣವೇ ಮೊದಲನೆಯದರ ಕಾರಣವನ್ನು ಬೆರಳಿಟ್ಟು ತೋರಿಸುವಂಥದು. ಈ ಭಾಷಣದ ಮುಖ್ಯ ಪ್ರತಿಪಾದ್ಯವೇ ಇದು.

ಇದು ಮನದಟ್ಟಾಗಬೇಕಾದರೆ ಇಂಜಿನ್ನಿನೊಳಗಿನ ಶಾಖದ ವ್ಯವಹಾರವನ್ನು ಸ್ವಲ್ಪ ತಿಳಿಯಬೇಕು. ಇಂಧನವು ದಹಿಸುವ ಕ್ಷಣದಲ್ಲಿ ಸಿಲಿಂಡರಿನೊಳಗಿನ ಅನಿಲದ ಉಷ್ಣತೆ 2000 ಡಿಗ್ರಿ ಸೆಲ್ಸಿಯಸ್ಸನ್ನು ಮೀರುತ್ತದೆ. ಇಂದಿನ ಬಹುಪಾಲು ಇಂಜಿನ್ನುಗಳ ಹೆಡ್ಡಿಗೆ ಉಪಯೋಗಿಸುವ ಅಲ್ಯೂಮಿನಿಯಮ್ಮಾದರೋ 660 ಡಿಗ್ರಿಗೇ ಕರಗತಕ್ಕ ಲೋಹ. ಇಂಧನದಿಂದ ಹುಟ್ಟಿದ ಶಾಖದಲ್ಲಿ ಸ್ಥೂಲವಾಗಿ ಮೂರರಲ್ಲೊಂದು ಪಾಲು ಮಾತ್ರ ಗಾಡಿಯನ್ನು ಓಡಿಸುವ ಕೆಲಸಕ್ಕೆ ಒದಗುತ್ತದೆ. ಇನ್ನೊಂದು ಪಾಲು ಹೊಗೆಯೊಡನೆ ಸೈಲೆನ್ಸರಿನ ಮೂಲಕ ಹೊರಟುಹೋಗುತ್ತದೆ. ಉಳಿದುದರ ಬಹುಭಾಗವನ್ನು ನೀರು ಹೊತ್ತೊಯ್ದು ಗಾಳಿಗೆ ಒಪ್ಪಿಸಬೇಕು. ಸಾಧಾರಣವಾದ ಸಣ್ಣ ಕಾರಿನಲ್ಲಿ ಈ ಮಹಾಭಾರವನ್ನು ಹೊರುವುದು ಕೇವಲ 4ರಿಂದ 6 ಲೀಟರ್ ದ್ರವವೆಂದರೆ, ಅದರ ಒಂದೊಂದು ಲೀಟರಿಗೂ ಎಷ್ಟು ಬೆಲೆಯಿದೆಯೆಂಬುದು ತಾನಾಗಿಯೇ ವೇದ್ಯವಾಗುತ್ತದೆ.

ಈ ನೀರನ್ನು ಇಂಜಿನ್ನಿನ ಗೋಡೆಗಳ ಸುತ್ತ ತಳ್ಳುವುದು, ನಮ್ಮ ಮೆಕ್ಯಾನಿಕ್ಕುಗಳು ವಾಟರ್ ಬಾಡಿಯೆಂದು ಕರೆಯುವ ಪಂಪು. ಕಾದ ನೀರು ಮೇಲಿನ ಹೋಸ್ ಪೈಪಿನಿಂದ ರೇಡಿಯೇಟರಿಗೆ ಬಂದು, ಅದರ ಸಣ್ಣ ಕೊಳವೆಗಳಲ್ಲಿ ಇಳಿಯುತ್ತ ತಣಿದು, ಕೆಳಗಿನ ಪೈಪಿನಿಂದ ಮತ್ತೆ ಇಂಜಿನ್ನಿಗೆ ಮರಳುತ್ತದೆ. ಗಾಡಿ ಓಡುತ್ತಿರುವಾಗ ಎದುರುಗಾಳಿಯೂ, ನಿಂತಾಗ ಫ್ಯಾನಿನ ಗಾಳಿಯೂ ರೇಡಿಯೇಟರನ್ನು ತಣಿಸುತ್ತವೆ. ಅಂಬಾಸಿಡರ್, ಫಿಯಟ್ ಕಾರುಗಳ ಕಾಲದಲ್ಲಿ ಈ ಫ್ಯಾನು ಬೆಲ್ಟಿನ ಬಲದಿಂದ ಇಂಜಿನ್ನಿನ ಜೊತೆಯಲ್ಲಿಯೇ ಸದಾ ತಿರುಗುತ್ತಿತ್ತು. 1983ರಲ್ಲಿ ಮಾರುತಿ 800 ಬಂದ ಮೇಲೆ ಬಳಕೆಗೆ ಬಂದ ಕಾರುಗಳಲ್ಲಿ ಬಹುಮಟ್ಟಿಗೆ ಅದು ವಿದ್ಯುತ್ತಿನಿಂದ, ನೀರು ಸಾಕಷ್ಟು ಕಾದಾಗ ಮಾತ್ರ ತಿರುಗುತ್ತದೆ. ರೇಡಿಯೇಟರಿನ ಮುಚ್ಚಳವೂ ಬರಿಯ ಮುಚ್ಚಳವಲ್ಲ. ಎತ್ತರ ಹೆಚ್ಚಿದಂತೆಲ್ಲ ನೀರು ಕಡಿಮೆ ಉಷ್ಣತೆಗೇ ಕುದಿಯುತ್ತದೆ. ಮಡಿಕೇರಿಯಲ್ಲಿ ತೆರೆದ ಪಾತ್ರೆಯ ನೀರು ಸುಮಾರು 96 ಡಿಗ್ರಿಗೇ ಕುದಿಯತೊಡಗುವುದು. ಮುಚ್ಚಳದೊಳಗಿನ ಸ್ಪ್ರಿಂಗು ಒತ್ತಡವನ್ನು ಹಿಡಿದಿಡುವುದರಿಂದಲೇ ರೇಡಿಯೇಟರಿನ ನೀರು 110 ಡಿಗ್ರಿಯನ್ನು ದಾಟಿದರೂ ಕುದಿಯದೆ ತಾಳಿಕೊಂಡಿರುತ್ತದೆ. ಸ್ಪ್ರಿಂಗು ಸಡಿಲವಾಗಿ ಅಥವಾ ರಬ್ಬರು ಸವೆದು ಮುಚ್ಚಳವು ದುರ್ಬಲವಾಯಿತೆಂದರೆ, ಬಯಲಿನಲ್ಲಿ ಸುಮ್ಮನಿದ್ದ ಗಾಡಿ ಘಟ್ಟದಲ್ಲಿ ಉಕ್ಕುತ್ತದೆ.

ಇಷ್ಟನ್ನು ಸಾಧಿಸಲು ಮಾನವನು ಎಷ್ಟು ಶ್ರಮಿಸಬೇಕಾಯಿತೆಂಬುದನ್ನು ನೆನೆಯುವುದು ಯುಕ್ತ. ಜರ್ಮನಿಯ ಕಾರ್ಲ್ ಬೆಂಜ್ 1886ರಲ್ಲಿ ಪೇಟೆಂಟ್ ಪಡೆದ ಮೊದಲ ಕಾರಿನಲ್ಲಿ ನೀರು ಕುದಿದು ಆವಿಯಾಗಿ ಹೋಗುತ್ತಿತ್ತೇ ಹೊರತು ತಣಿದು ಮರಳುತ್ತಿರಲಿಲ್ಲ. 1888ರಲ್ಲಿ ಆತನ ಪತ್ನಿ ಬರ್ತಾ ಬೆಂಜ್ ತನ್ನ ಇಬ್ಬರು ಮಕ್ಕಳೊಡನೆ ಮ್ಯಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಕಾರಿನಲ್ಲಿ ಹೋದಾಗ, ದಾರಿಯುದ್ದಕ್ಕೂ ನೀರನ್ನು ತುಂಬಿಸಿಕೊಳ್ಳುತ್ತಲೇ ಹೋಗಬೇಕಾಯಿತು. 1901ರ ಮರ್ಸಿಡಿಸ್ ಕಾರಿಗೆ ವಿಲ್‌ಹೆಲ್ಮ್ ಮೇಬ್ಯಾಕ್ ಎಂಬ ಯಂತ್ರಶಿಲ್ಪಿಯು ಎಂಟು ಸಾವಿರಕ್ಕೂ ಹೆಚ್ಚು ಸಣ್ಣ ಕೊಳವೆಗಳನ್ನು ಜೇನುಹುಟ್ಟಿನಂತೆ ಜೋಡಿಸಿದ ರೇಡಿಯೇಟರನ್ನು ಅಳವಡಿಸಿದ ಮೇಲೆ, ಅದೇ ನೀರನ್ನು ಮತ್ತೆ ಮತ್ತೆ ಬಳಸಿ ಬಹುದೂರ ಸಾಗುವುದು ಸುಲಭಸಾಧ್ಯವಾಯಿತು.

ಇನ್ನು ಥರ್ಮೋಸ್ಟಾಟಿನ ಮಾತು. ನಮ್ಮಲ್ಲಿ ವಾಲ್ ಎಂದೇ ಇದಕ್ಕೆ ಹೆಸರು. ಇದರೊಳಗೆ ಒಂದು ಬಗೆಯ ಮೇಣವುಂಟು, ನೀರು 82ರಿಂದ 90 ಡಿಗ್ರಿಯವರೆಗೆ ಕಾದಾಗ ಆ ಮೇಣ ಕರಗಿ ಹಿಗ್ಗಿ ಬಾಗಿಲನ್ನು ತೆರೆದು ನೀರನ್ನು ರೇಡಿಯೇಟರಿಗೆ ಬಿಡುತ್ತದೆ, ಅಲ್ಲಿಯವರೆಗೆ ಮುಚ್ಚಿಕೊಂಡಿರುತ್ತದೆ. ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಬೇಸಾಯಗಾರರಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ. ಬ್ಯಾರನ್ನಿನಲ್ಲಿ ಸೊಪ್ಪು ಹದವಾಗಿ ಬೇಯಬೇಕಾದರೆ ಶಾಖವು ಮಿತಿಮೀರಲೂ ಕೂಡದು, ಮಿತಿಗೆ ಕಡಮೆಯಾಗಲೂ ಕೂಡದು. ಅದಕ್ಕಾಗಿ ರೈತನು ರಾತ್ರಿಯೆಲ್ಲ ಎಚ್ಚರವಾಗಿದ್ದು ಥರ್ಮಾಮೀಟರನ್ನು ನೋಡಿ ಸೌದೆಯನ್ನು ಹಾಕುವನು, ಗಾಳಿಗಿಂಡಿಯನ್ನು ತೆರೆಯುವನು, ಮುಚ್ಚುವನು. ಇಂಜಿನ್ನಿನಲ್ಲಿ ಆ ಕಾವಲು ಕೆಲಸವನ್ನು ಮಾಡುವುದೇ ಈ ವಾಲು. ಇಂಜಿನ್ ಅತಿಯಾಗಿ ಕಾದರೆ ಕೆಡುವುದೆಂದು ಎಲ್ಲರೂ ಬಲ್ಲರು. ಸಾಕಷ್ಟು ಕಾಯದಿದ್ದರೂ ಇಂಧನ ಹೆಚ್ಚು ವ್ಯಯವಾಗಿ, ಆಯಿಲು ಬೇಗ ಕೆಟ್ಟು, ಸಿಲಿಂಡರು ಬೇಗ ಸವೆಯುವುದೆಂಬುದನ್ನು ಬಲ್ಲವರು ಕಡಮೆ.

ಹೀಟರು ಈ ಜಲಸಂಚಾರದ ಒಂದು ಚಿಕ್ಕ ಉಪನದಿ. ಇಂಜಿನ್ನಿನಿಂದ ಹೊರಟ ಎರಡು ಸಣ್ಣ ಪೈಪುಗಳು ಇಂಜಿನ್ನಿಗೂ ನಾವು ಕೂರುವ ಜಾಗಕ್ಕೂ ನಡುವಣ ತಗಡಿನ ಗೋಡೆಯನ್ನು ತೂರಿ, ಡ್ಯಾಶ್‌ಬೋರ್ಡಿನ ಹಿಂದೆ ಅಡಗಿರುವ ಪುಟ್ಟ ರೇಡಿಯೇಟರಿಗೆ ಬಿಸಿನೀರನ್ನು ತಂದು ಹಿಂದಕ್ಕೊಯ್ಯುತ್ತವೆ. ಬ್ಲೋವರು ಅದರ ಮೇಲೆ ಗಾಳಿಯನ್ನು ಹಾಯಿಸಿದಾಗ ನಮಗೆ ಬೆಚ್ಚನೆಯ ಗಾಳಿ ದೊರೆಯುತ್ತದೆ. ಬಹುಪಾಲು ಕಾರುಗಳಲ್ಲಿ ಈ ನೀರು ವಾಲು ತೆರೆಯುವುದನ್ನು ಕಾಯುವುದಿಲ್ಲ. ಇಂಜಿನ್ ಕಾದಷ್ಟೂ ಅದು ಬೆಚ್ಚಗಾಗುತ್ತ ಬರುತ್ತದೆ. ಅಲ್ಲದೆ ಈ ಪುಟ್ಟ ರೇಡಿಯೇಟರು ಅನೇಕ ಕಾರುಗಳಲ್ಲಿ ಇಡೀ ವ್ಯವಸ್ಥೆಯಲ್ಲಿಯೇ ಎತ್ತರದ ಸ್ಥಾನದಲ್ಲಿರುವುದರಿಂದ, ನೀರು ಕಡಮೆಯಾದಾಗ ಮೊದಲು ಬರಿದಾಗುವುದು ಅದೇ, ಗಾಳಿ ಹೊಕ್ಕಾಗ ಅದು ಹೋಗಿ ಸೇರುವುದೂ ಅಲ್ಲಿಯೇ. ಆದ್ದರಿಂದ ಹೀಟರೆಂಬುದು ಸುಖಸಾಧನ ಮಾತ್ರವಲ್ಲ. ಇಂಜಿನ್ನಿನಲ್ಲಿ ನೀರಿದೆಯೇ, ಅದು ಹರಿಯುತ್ತಿದೆಯೇ ಎಂಬುದನ್ನು ಕೂತಲ್ಲಿಯೇ ತಿಳಿಸುವ ಸಾಕ್ಷಿ.

ಈ ಸಾಕ್ಷಿಯ ನುಡಿಯನ್ನು ಹೀಗೆ ಅರ್ಥಮಾಡಬೇಕು. ಉಷ್ಣತೆಯ ಮುಳ್ಳು ಮೇಲೇರಿದೆ, ಹೀಟರಿನ ಗಾಳಿಯೂ ಸುಡುತ್ತಿದೆ ಎಂದಾದರೆ, ನೀರು ಇದೆ, ಹರಿಯುತ್ತಲೂ ಇದೆ, ಆದರೆ ತನ್ನ ಶಾಖವನ್ನು ಹೊರಗೆ ಹಾಕಲಾರದೆ ತೊಳಲುತ್ತಿದೆ. ಫ್ಯಾನು, ಅದರ ಫ್ಯೂಸು, ರಿಲೇ, ವಾಲು, ರೇಡಿಯೇಟರು, ಇವುಗಳನ್ನು ಪರೀಕ್ಷಿಸಬೇಕು. ಸಂತೆಬೀದಿಯಲ್ಲಿ ನಿಂತಾಗ ಕಾದು, ಹೆದ್ದಾರಿಯಲ್ಲಿ ಓಡುವಾಗ ತಣಿಯುವುದಾದರೆ ದೋಷ ಫ್ಯಾನಿನದು. ನಿಂತಾಗ ಸುಮ್ಮನಿದ್ದು, ವೇಗದಲ್ಲಿಯೂ ಏರಿನಲ್ಲಿಯೂ ಕಾಯುವುದಾದರೆ ರೇಡಿಯೇಟರು ಕಟ್ಟಿಕೊಂಡಿದೆಯೆಂದು ಶಂಕಿಸಬೇಕು. ಮುಳ್ಳು ಎಷ್ಟು ದೂರ ಓಡಿದರೂ ಮೇಲೇಳದು, ಹೀಟರೂ ಉಗುರುಬೆಚ್ಚಗಿಂತ ಹೆಚ್ಚಾಗದು ಎಂದಾದರೆ, ವಾಲು ತೆರೆದೇ ನಿಂತಿದೆ, ಇಲ್ಲವೆ ಯಾರೋ ಅದನ್ನು ತೆಗೆದುಹಾಕಿದ್ದಾರೆ. ಮುಳ್ಳು ಸರಿಯಾದ ಸ್ಥಾನದಲ್ಲಿದ್ದು ಹೀಟರ್ ಮಾತ್ರ ಮಂದವಾಗಿದ್ದರೆ, ಗೋಡೆಯನ್ನು ತೂರಿ ಹೋಗುವ ಆ ಎರಡು ಪೈಪುಗಳನ್ನು ಎಚ್ಚರಿಕೆಯಿಂದ ಮುಟ್ಟಿ ನೋಡಬೇಕು: ಎರಡೂ ಬಿಸಿಯಾಗಿದ್ದರೆ ನೀರಿನ ಕಡೆ ಲೋಪವಿಲ್ಲ, ಗಾಳಿಯನ್ನು ತಿರುಗಿಸುವ ಒಳಬಾಗಿಲೋ ಕೊಳೆ ತುಂಬಿದ ಫಿಲ್ಟರೋ ಕಾರಣ, ಒಂದು ಬಿಸಿ, ಇನ್ನೊಂದು ತಣ್ಣಗೆ ಎಂದಾದರೆ ಹೀಟರಿನ ಪುಟ್ಟ ರೇಡಿಯೇಟರು ಕಟ್ಟಿಕೊಂಡಿದೆ, ಅಥವಾ ಅದರ ಟ್ಯಾಪು ಮುಚ್ಚಿಕೊಂಡಿದೆ.

ನಾಲ್ಕನೆಯದೇ ಅತ್ಯಂತ ಅಪಾಯಕರವಾದ ಸ್ಥಿತಿ: ಮುಳ್ಳು ಮೇಲೇರಿದೆ, ಹೀಟರು ತಣ್ಣನೆಯ ಗಾಳಿಯನ್ನು ಊದುತ್ತಿದೆ. ಇದರ ಅರ್ಥ, ಶಾಖವನ್ನು ಹೊರಬೇಕಾದ ನೀರು ಸೋರಿ ಕಡಮೆಯಾಗಿದೆ, ಅಥವಾ ಗಾಳಿಗುಳ್ಳೆ ಅಡ್ಡ ನಿಂತಿದೆ, ಅಥವಾ ವಾಟರ್ ಬಾಡಿ ನೀರನ್ನು ತಳ್ಳುತ್ತಿಲ್ಲ, ಅಥವಾ ಹೆಡ್ಡಿನಡಿಯ ಹೆಡ್ ಗ್ಯಾಸ್ಕೆಟ್ ಎಂಬ ಹಾಳೆ ಸೀಳಿ ದಹನದ ಅನಿಲವು ನೀರಿನ ದಾರಿಯನ್ನು ಹೊಕ್ಕು ನೀರನ್ನು ಹೊರದೂಡುತ್ತಿದೆ. ಇಲ್ಲಿ ಇನ್ನೊಂದು ಮೋಸವುಂಟು. ಮುಳ್ಳನ್ನು ಆಡಿಸುವ ಸೆನ್ಸರು ನೀರಿನಲ್ಲಿ ಮುಳುಗಿರುವವರೆಗೆ ಮಾತ್ರ ನಿಜವನ್ನು ನುಡಿಯುತ್ತದೆ. ನೀರು ಪೂರಾ ಇಳಿದು ಅದರ ಸುತ್ತ ಬರಿಯ ಗಾಳಿ ಉಳಿದರೆ, ಇಂಜಿನ್ ಬೆಂದುಹೋಗುತ್ತಿರುವಾಗಲೂ ಮುಳ್ಳು ಕೆಳಗಿಳಿಯಬಹುದು. ಏರಿದ ಮುಳ್ಳು ಹಠಾತ್ತನೆ ಇಳಿಯಿತೆಂದು ಸಮಾಧಾನಪಟ್ಟು ಮುಂದುವರಿಯುವವನು ಆ ಇಂಜಿನ್ನನ್ನು ಕಳೆದುಕೊಳ್ಳುತ್ತಾನೆ. ಹೀಟರಿನ ಗಾಳಿಗೆ ಕೈಯೊಡ್ಡಿ ನೋಡಿದವನು ಉಳಿಸಿಕೊಳ್ಳುತ್ತಾನೆ.

ದಾರಿಯಲ್ಲಿ ಈ ಪ್ರಸಂಗ ಒದಗಿದಾಗ ಮಾಡಬೇಕಾದುದೇನು? ಮುಳ್ಳು ಏರತೊಡಗಿದೊಡನೆ ಏ.ಸಿ.ಯನ್ನು ನಿಲ್ಲಿಸಿ, ಕಿಟಕಿಗಳನ್ನು ಇಳಿಸಿ, ಹೀಟರನ್ನು ಪೂರ್ತಿ ಬಿಸಿಗೂ ಬ್ಲೋವರನ್ನು ಪೂರ್ತಿ ವೇಗಕ್ಕೂ ಇಡಬೇಕು. ಸೆಕೆಯ ಹೊತ್ತಿನಲ್ಲಿ ಇದು ವಿಪರೀತವೆಂದು ತೋರಬಹುದು. ಆದರೆ ಹೀಟರು ಆಗ ಎರಡನೆಯ ರೇಡಿಯೇಟರಾಗಿ ಇಂಜಿನ್ನಿನ ಶಾಖವನ್ನು ಕಿಟಕಿಯಿಂದಾಚೆಗೆ ಸಾಗಿಸುತ್ತದೆ. ಗಾಳಿ ಬಿಸಿಯಾಗಿ ಬಂದು ಮುಳ್ಳು ಇಳಿಯಿತೋ, ನಿಧಾನವಾಗಿ ಸುರಕ್ಷಿತವಾದ ಎಡೆಯನ್ನು ಸೇರಬಹುದು. ಗಾಳಿ ತಣ್ಣಗೆ ಬಂದಿತೋ, ಒಂದು ಫರ್ಲಾಂಗನ್ನೂ ಮುಂದೆ ಹೋಗದೆ ರಸ್ತೆಯ ಪಕ್ಕಕ್ಕೆ ಸರಿದು ಇಂಜಿನ್ನನ್ನು ನಿಲ್ಲಿಸಬೇಕು. ಬಿಸಿಯಾದ ರೇಡಿಯೇಟರಿನ ಮುಚ್ಚಳವನ್ನು ಎಷ್ಟೇ ಅವಸರವಿದ್ದರೂ ತೆರೆಯಕೂಡದು. ಒತ್ತಡ ಬಿಟ್ಟುಹೋದ ಕ್ಷಣವೇ ಒಳಗಿನ ನೀರು ಆವಿಯಾಗಿ ಚಿಮ್ಮಿ ಮುಖವನ್ನೂ ಕಣ್ಣುಗಳನ್ನೂ ಸುಡುತ್ತದೆ. ಅರ್ಧ ಗಂಟೆಗೂ ಹೆಚ್ಚು ಕಾಲ ಕಾದು, ಮೇಲಿನ ಹೋಸ್ ಪೈಪನ್ನು ಅಮುಕಿ ಅದು ಮೆತ್ತಗಿರುವುದನ್ನು ಕಂಡ ಮೇಲೆ ಮಾತ್ರ, ದಪ್ಪ ಬಟ್ಟೆಯನ್ನು ಹೊದಿಸಿ ಮುಚ್ಚಳವನ್ನು ಮೆಲ್ಲನೆ ತಿರುಗಿಸಬೇಕು. ಕಾದ ಇಂಜಿನ್ನಿಗೆ ತಣ್ಣೀರನ್ನು ಒಮ್ಮೆಲೇ ಸುರಿದರೆ ಲೋಹವು ಸೀಳುವ ಸಂಭವವುಂಟು.

ಈ ವಿಷಯದಲ್ಲಿ ಹೆಗ್ಗಡದೇವನಕೋಟೆಯ ಕಡೆಗೆ ಹೋಗುವವರು ವಿಶೇಷ ಜಾಗರೂಕರಾಗಿರಬೇಕು. ಕೋಟೆಯಿಂದ ಬಾವಲಿಯ ಮಾರ್ಗವಾಗಿ ಮಾನಂದವಾಡಿಗೆ ಹೋಗುವ ರಸ್ತೆ ನಾಗರಹೊಳೆಯ ಅರಣ್ಯವನ್ನು ಹಾದುಹೋಗುತ್ತದೆ. ಆನೆ, ಹುಲಿಗಳ ಸಂಚಾರವುಳ್ಳ ಆ ಕಾಡಿನಲ್ಲಿ ರಾತ್ರಿ ವಾಹನಸಂಚಾರಕ್ಕೆ ನಿಷೇಧವಿದೆ, ಹಗಲಿನಲ್ಲಿಯೂ ಗಾಡಿಯನ್ನು ನಿಲ್ಲಿಸಿ ಇಳಿಯುವಂತಿಲ್ಲ. ಅಲ್ಲಿ ಕೆಟ್ಟು ನಿಲ್ಲುವ ಬದಲು ಕಾಡನ್ನು ಹೊಗುವ ಮೊದಲೇ ನೀರಿನ ಮಟ್ಟವನ್ನು ನೋಡಿಕೊಳ್ಳುವುದು ಸಾವಿರ ಪಾಲು ಮೇಲು.

ಗಾಡಿ ಹೀಟಾಗುವುದಕ್ಕೆ ನಮ್ಮ ಸೀಮೆಗೇ ವಿಶೇಷವಾದ ಮೂರು ಕಾರಣಗಳನ್ನು ಇಲ್ಲಿ ಎತ್ತಿ ಹೇಳಬೇಕು. ಮೊದಲನೆಯದು, ಸುಗ್ಗಿಯ ಕಾಲದಲ್ಲಿ ರಸ್ತೆಯ ಮೇಲೆ ಹರಡುವ ಹುರುಳಿ, ರಾಗಿ, ಭತ್ತಗಳ ಹುಲ್ಲು. ವಾಹನಗಳ ಚಕ್ರಗಳಿಂದಲೇ ಒಕ್ಕಣೆಯಾಗಲೆಂದು ಹಾಸಿದ ಆ ಹುಲ್ಲಿನ ಹೊಟ್ಟು, ಧೂಳು ಹಾರಿ ರೇಡಿಯೇಟರಿನ ಎಲೆಗಳ ನಡುವೆ ತುಂಬಿ ಗಾಳಿಯ ದಾರಿಯನ್ನು ಮುಚ್ಚುತ್ತವೆ. ಹುಲ್ಲು ಗಾಡಿಯ ಅಡಿಗೆ ಸುತ್ತಿಕೊಂಡು ಸೈಲೆನ್ಸರಿನ ಕಾವಿಗೆ ಹೊತ್ತಿ, ಕಾರುಗಳು ಉರಿದುಹೋದ ಪ್ರಸಂಗಗಳೂ ನಮ್ಮ ನಾಡಿನಲ್ಲಿ ನಡೆದಿವೆ. ರೈತಬಂಧುಗಳು ಒಕ್ಕಣೆಯನ್ನು ಕಣದಲ್ಲಿಯೇ ಮಾಡಿಕೊಂಡರೆ ಕಾಳೂ ಶುಚಿಯಾಗಿರುತ್ತದೆ, ದಾರಿಹೋಕರ ಪ್ರಾಣವೂ ಉಳಿಯುತ್ತದೆ. ಚಾಲಕರು ಸುಗ್ಗಿ ಮುಗಿದ ಮೇಲೆ ರೇಡಿಯೇಟರನ್ನು ಇಂಜಿನ್ನಿನ ಕಡೆಯಿಂದ ಹೊರಮುಖವಾಗಿ, ನೀರಿನ ಹದವಾದ ಧಾರೆಯಿಂದ ತೊಳೆಸಬೇಕು.

ಎರಡನೆಯದು, ಬೋರ್‌ವೆಲ್ಲಿನ ಗಡಸು ನೀರು. ಸ್ನಾನದ ಹಂಡೆಯ ಒಳಮೈಯಲ್ಲಿ ಬೆಳ್ಳಗೆ ಕಟ್ಟುವ ಸುಣ್ಣದ ಹಕ್ಕಳೆಯೇ ಇಂಜಿನ್ನಿನ ನೀರಿನ ದಾರಿಯಲ್ಲಿಯೂ ಕಟ್ಟುತ್ತದೆ. ಮೊದಲು ಹೀಟರಿನ ಅತಿ ಸಣ್ಣ ಕೊಳವೆಗಳು ಮುಚ್ಚಿಕೊಳ್ಳುತ್ತವೆ, ಬಳಿಕ ದೊಡ್ಡ ರೇಡಿಯೇಟರಿನ ಕೊಳವೆಗಳು. ಬರಿಯ ನೀರಿನಲ್ಲಿ ತುಕ್ಕು ಬೇರೆ ಹುಟ್ಟುತ್ತದೆ. ಶುದ್ಧೀಕರಿಸಿದ ನೀರಿಗೆ ಕೂಲೆಂಟನ್ನು ಕಾರಿನ ಪುಸ್ತಕದಲ್ಲಿ ಹೇಳಿದ ಪ್ರಮಾಣದಲ್ಲಿ, ಸಾಮಾನ್ಯವಾಗಿ ಸರಿಸಮನಾಗಿ, ಬೆರೆಸಿ ತುಂಬಿಸಿದರೆ ತುಕ್ಕು ಹಿಡಿಯದು, ಕುದಿಯುವ ಉಷ್ಣತೆಯೂ ಏರುವುದು. ಬೇರೆ ಬೇರೆ ಜಾತಿಯ ಕೂಲೆಂಟುಗಳನ್ನು ಒಂದಕ್ಕೊಂದು ಬೆರೆಸಬಾರದು. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ಹಳೆಯ ಕೂಲೆಂಟನ್ನು ನೆಲಕ್ಕೆ ಚೆಲ್ಲಿದರೆ ದನಕರುಗಳೂ ನಾಯಿಗಳೂ ರುಚಿಗಾಗಿ ಕುಡಿದು ಸಾಯುವುವು. ಆದ್ದರಿಂದ ಅದನ್ನು ಡಬ್ಬಿಯಲ್ಲಿ ಹಿಡಿದು ಮುಚ್ಚಿಡುವುದು ಗ್ಯಾರೇಜಿನವರ ಧರ್ಮ.

ಮೂರನೆಯದು, ವಾಲನ್ನು ಕಿತ್ತೆಸೆಯುವ ರೂಢಿ. ‘ಸಾರ್, ನಮ್ಮ ಕಡೆ ಸೆಕೆಗೆ ಈ ವಾಲ್ ಯಾಕೆ? ತೆಗೆದುಬಿಡ್ತೀನಿ, ಗಾಡಿ ಹೀಟಾಗೋದೇ ಇಲ್ಲ’ ಎಂಬ ಮಾತನ್ನು ನಮ್ಮ ಊರುಗಳ ಗ್ಯಾರೇಜುಗಳಲ್ಲಿ ಕೇಳುವುದು ಅಪೂರ್ವವಲ್ಲ. ಅದೇ ಬಗೆಯಲ್ಲಿ, ಹೀಟರ್ ಸೋರಿದರೆ ಅದರ ಎರಡು ಪೈಪುಗಳನ್ನೂ ಒಂದಕ್ಕೊಂದು ಸೇರಿಸಿ ಬೈಪಾಸ್ ಮಾಡಿ ಕಳುಹಿಸುವುದೂ ಉಂಟು. ಹೇಳುವವರ ಉದ್ದೇಶ ಒಳ್ಳೆಯದೇ. ಆದರೆ ಫಲ ಒಳ್ಳೆಯದಲ್ಲ. ವಾಲಿಲ್ಲದ ಇಂಜಿನ್ ಚಳಿಗಾಲದ ಬೆಳಗಿನಲ್ಲಿ ತಕ್ಕ ಕಾವಿಗೆ ಏರುವುದೇ ಇಲ್ಲ. ನಿಜವಾದ ದೋಷವೂ ಕೆಲವು ತಿಂಗಳು ಮರೆಯಾಗಿದ್ದು, ಬೇಸಗೆಯ ಏರಿನಲ್ಲಿ ಇಮ್ಮಡಿಯಾಗಿ ಮರಳುತ್ತದೆ. ಹೀಟರಿಲ್ಲದ ಕಾರಿನ ಚಾಲಕನಿಗೆ ಎಚ್ಚರಿಸುವ ಆ ಸಾಕ್ಷಿಯೂ ಇಲ್ಲದಂತಾಗುತ್ತದೆ. ಅಲ್ಲದೆ ಹೀಟರು ನಮಗೆ ಬೇಡವೆಂಬುದೂ ಸರಿಯಲ್ಲ. ಮಾರ್ಗಶಿರ, ಪುಷ್ಯ ಮಾಸಗಳ ಮುಂಜಾವಿನಲ್ಲಿ ಲಕ್ಷ್ಮಣತೀರ್ಥ ನದಿಯ ಬಯಲಿನ ಮೇಲೆ ಮಂಜು ಕವಿದಾಗ, ಆಷಾಢದಲ್ಲಿ ಮಡಿಕೇರಿಯ ಮಳೆಯಲ್ಲಿ ಕಿಟಕಿಗಳನ್ನು ಮುಚ್ಚಿಕೊಂಡು ಏರುವಾಗ, ಒಳಗಿರುವವರ ಉಸಿರಿನ ತೇವ ಮುಂದಿನ ಗಾಜಿನ ಮೇಲೆ ಕಟ್ಟಿ ದಾರಿಯೇ ಕಾಣದಂತಾಗುತ್ತದೆ. ಆಗ ಏ.ಸಿ.ಯ ಜೊತೆಗೆ ಹೀಟರನ್ನೂ ಹಾಕಿ, ಆ ಗಾಳಿಯನ್ನು ಗಾಜಿಗೆ ತಿರುಗಿಸಿದರೆ, ಒಣಗಿದ ಬೆಚ್ಚನೆಯ ಗಾಳಿಯು ಕೆಲವೇ ಕ್ಷಣಗಳಲ್ಲಿ ಗಾಜನ್ನು ತಿಳಿಯಾಗಿಸುತ್ತದೆ. ಎದುರಿಗೆ ಬರುವ ಲಾರಿಯನ್ನು ಕಾಣುವುದಕ್ಕೂ ಕಾಣದಿರುವುದಕ್ಕೂ ಇರುವ ಅಂತರವೇ ಹೀಟರಿನ ಬೆಲೆ.

ಗ್ಯಾರೇಜಿಗೆ ಹೋದಾಗ ಪರೀಕ್ಷೆ ಸುಲಭದಿಂದ ಕಠಿನಕ್ಕೆ ಸಾಗಬೇಕು. ಇಂಜಿನ್ ತಣ್ಣಗಿರುವಾಗ ನೀರಿನ ಮಟ್ಟ, ಪೈಪುಗಳ ಬಿರುಕು, ಮುಚ್ಚಳದ ರಬ್ಬರು, ಬೆಲ್ಟಿನ ಬಿಗಿ, ಬಳಿಕ ಇಂಜಿನ್ನನ್ನು ಓಡಿಸಿ ಫ್ಯಾನಿನ ಓಟ ಇವನ್ನು ಮೊದಲು ನೋಡಬೇಕು. ಇವುಗಳಲ್ಲಿ ಹಣ ಖರ್ಚಾಗುವಂಥದು ಹೆಚ್ಚಿಲ್ಲ. ಹೊರಗೆಲ್ಲಿಯೂ ಸೋರದೆ ನೀರು ಕಡಮೆಯಾಗುತ್ತಿದ್ದರೆ ಪ್ರಯಾಣಿಕನ ಕಾಲಡಿಯ ಹಾಸು ಒದ್ದೆಯಾಗಿದೆಯೇ, ಒಳಗೆ ಸಿಹಿಯಾದ ವಾಸನೆಯಿದೆಯೇ ಎಂದು ನೋಡಬೇಕು. ಇದ್ದರೆ ಹೀಟರ್ ಸೋರುತ್ತಿದೆ. ರೇಡಿಯೇಟರಿಗೆ ಸೇರಿದ ನೀರಿನ ಡಬ್ಬಿಯಲ್ಲಿ ಎಡೆಬಿಡದೆ ಗುಳ್ಳೆಗಳೇಳುವುದು, ಬಿಳಿಯ ಹೊಗೆ ನಿಲ್ಲದಿರುವುದು, ಆಯಿಲಿನ ಮುಚ್ಚಳದಡಿಯಲ್ಲಿ ಹಾಲಿನಂಥ ನೊರೆ, ಇವು ಹೆಡ್ ಗ್ಯಾಸ್ಕೆಟ್ಟಿನ ಕಡೆಗೆ ಬೊಟ್ಟುಮಾಡುವ ಲಕ್ಷಣಗಳು. ಯಾವ ಭಾಗವನ್ನು ಬದಲಿಸಿದರೂ, ನೀರನ್ನು ತುಂಬಿಸುವಾಗ ಒಳಗಿನ ಗಾಳಿಯನ್ನು ಹೊರಡಿಸುವುದನ್ನು ಮರೆಯಬಾರದು. ಗಾಡಿಯ ಮೂತಿಯನ್ನು ಏರಿನ ಕಡೆಗೆ ಮೇಲೆತ್ತಿ ನಿಲ್ಲಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ತಣ್ಣನೆಯ ಇಂಜಿನ್ನನ್ನು ಸಣ್ಣಗೆ ಓಡಿಸುತ್ತ, ವಾಲು ತೆರೆದು ಗುಳ್ಳೆಗಳು ನಿಲ್ಲುವವರೆಗೆ ಮೆಲ್ಲನೆ ತುಂಬಬೇಕು. ಮುಚ್ಚಳವನ್ನು ಬಿಗಿದ ಮೇಲೆ ಹೀಟರಿನಿಂದ ಬಿಸಿಗಾಳಿ ಸ್ಥಿರವಾಗಿ ಬಂದರೆ ಕೆಲಸ ಪೂರ್ತಿಯಾಯಿತೆಂದು ತಿಳಿಯಬಹುದು. ಹೊಸ ವಾಟರ್ ಬಾಡಿ, ಹೊಸ ರೇಡಿಯೇಟರುಗಳನ್ನು ಹಾಕಿದ ಮೇಲೂ ‘ಹೀಟಾಗುವುದು ಹೋಗಲಿಲ್ಲ’ ಎಂಬ ದೂರು ಉಳಿಯುವುದಕ್ಕೆ, ಒಳಗೆ ಉಳಿದ ಗಾಳಿಗುಳ್ಳೆಯೇ ಅನೇಕ ವೇಳೆ ಕಾರಣ.

ಕಾರು ಇಂದು ಶ್ರೀಮಂತರ ವಿಲಾಸವಸ್ತುವಾಗಿ ಉಳಿದಿಲ್ಲ. ಸಾಲ ಮಾಡಿ ಕೊಂಡ ಗಾಡಿಯಿಂದಲೇ ಸಂಸಾರವನ್ನು ಸಾಗಿಸುವ ಟ್ಯಾಕ್ಸಿಯವರು ಹುಣಸೂರಿನಲ್ಲಿಯೂ ಇದ್ದಾರೆ, ಹೆಗ್ಗಡದೇವನಕೋಟೆಯಲ್ಲಿಯೂ ಇದ್ದಾರೆ. ಅಂಥವನ ಇಂಜಿನ್ನಿನ ಹೆಡ್ಡು ಒಂದು ಸಲ ಬಾಗಿತೆಂದರೆ ಅನೇಕ ದಿನಗಳ ದುಡಿಮೆ ದುರಸ್ತಿಗೆ ಹೋಗುತ್ತದೆ. ಆ ನಷ್ಟವನ್ನು ತಪ್ಪಿಸಲು ಬೇಕಾದುದು ವಿಶೇಷ ವಿದ್ಯೆಯಲ್ಲ. ವಾರಕ್ಕೊಮ್ಮೆ ತಣ್ಣನೆಯ ಇಂಜಿನ್ನಿನಲ್ಲಿ ನೀರಿನ ಮಟ್ಟವನ್ನು ನೋಡುವ ಶಿಸ್ತು, ತಿಂಗಳಿಗೊಮ್ಮೆ ಹೀಟರನ್ನು ಹಾಕಿ ನೋಡುವ ಅಭ್ಯಾಸ, ಕಾರಣವನ್ನು ಕಂಡುಕೊಳ್ಳದೆ ಯಾವ ಭಾಗವನ್ನೂ ಕಿತ್ತುಹಾಕಗೊಡದ ವಿವೇಕ, ಇಷ್ಟೇ. ಮೆಕ್ಯಾನಿಕ್ ಬಂಧುಗಳಲ್ಲಿ ನನ್ನ ಪ್ರಾರ್ಥನೆ: ಗಾಡಿ ಹೀಟಾಗುತ್ತದೆಂದು ಯಾರಾದರೂ ಬಂದರೆ, ಸ್ಪ್ಯಾನರನ್ನು ಕೈಗೆತ್ತಿಕೊಳ್ಳುವ ಮೊದಲು ‘ಒಳಗಿನ ಹೀಟರ್ ಬಿಸಿಯಾಗಿ ಬರುತ್ತಿತ್ತೇ?’ ಎಂದು ಒಂದು ಮಾತು ಕೇಳಿ. ಚಾಲಕ ಬಂಧುಗಳಲ್ಲಿ ನನ್ನ ಪ್ರಾರ್ಥನೆ: ಮುಳ್ಳು ಮೇಲೇರಿ ಹೀಟರು ತಣ್ಣಗೆ ಊದಿದರೆ, ಊರು ಇನ್ನೆಷ್ಟೇ ಹತ್ತಿರವಿರಲಿ, ಇಂಜಿನ್ನನ್ನು ಆ ಕ್ಷಣವೇ ನಿಲ್ಲಿಸಿ.